ಮೂವತ್ತಮೂರರ ಮುದುಕ

ಭಾನುವಾರ ಮಧ್ಯಾಹ್ನ ಕನ್ನಡಕದಂಗಡಿಯ ಮುಂಬಾಗಿಲು ಮುಚ್ಚಿರುತ್ತಿತ್ತು, ಹಿಂದಿನ ಕೋಣೆಯಲ್ಲಿ ಹಾಡು ನಡೆಯುತ್ತಿತ್ತು. ಉಳಿದ ದಿನ ಅದು ಕಣ್ಣು ಪರೀಕ್ಷೆಯ ಕೋಣೆ. ಒಂದು ಗೋಡೆಗೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಫಲಕ, ಎದುರು ಗೋಡೆಗೆ ರೆಕಾರ್ಡುಗಳ ಕಪಾಟು, ನಡುವೆ ಗಟ್ಟಿ ಮರದ ಮೇಜಿನ ಮೇಲೆ ಪ್ಲೇಯರು. ಪ್ಲೇಯರು ತಿರುಗುವಾಗ ಯಾರೂ ಧಡಧಡ ನಡೆಯಬಾರದು ಎಂಬುದು ಅಲ್ಲಿನ ಕಟ್ಟಪ್ಪಣೆ.

ಅಲ್ಲಿ ಸೇರುತ್ತಿದ್ದವರು ಮೊದಲು ಐವರು, ಈಗ ನಾಲ್ವರು. ಅಂಗಡಿಯ ಯಜಮಾನರು ಒಬ್ಬರು. ಅವರನ್ನು ಎಲ್ಲರೂ ಕನ್ನಡಕದವರು ಎಂದೇ ಕರೆಯುತ್ತಿದ್ದರು. ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು ಇನ್ನೊಬ್ಬರು. ಕಾಫಿಯಲ್ಲಿ ಸಕ್ಕರೆ ಎಷ್ಟಿದೆ ಎಂಬುದಕ್ಕೂ ತೀರ್ಪು ಕೊಡುವವರು. ಕೋಳಿಗಿಂತ ಮುಂಚೆ ಎದ್ದು ಒಲೆ ಹೊತ್ತಿಸುವ ಬೇಕರಿಯವರು ಮೂರನೆಯವರು. ಎಲ್ಲಿ ಕೂತರೆ ಅಲ್ಲೇ ತೂಕಡಿಕೆ. ನಾಲ್ಕನೆಯವರು ಆಸ್ಪತ್ರೆಯಲ್ಲಿ ಹಿರಿಯ ನರ್ಸಾಗಿದ್ದು ನಿವೃತ್ತರಾದ ಸಿಸ್ಟರ್. ಇಲ್ಲವಾದ ಐದನೆಯವರು ಅವರ ಗಂಡ, ಕನ್ನಡಕದವರ ಸ್ವಂತ ಅಣ್ಣ. ಭೂಮಾಪನ ಇಲಾಖೆಯಲ್ಲಿದ್ದು ಊರಿನ ಗಲ್ಲಿ ಗಲ್ಲಿಯನ್ನೂ ಸರಪಳಿ ಹಿಡಿದು ಅಳೆದ ಮನುಷ್ಯ. ಮನೆಯೊಳಗೂ ಹೊರಗೂ ಅವರು ಸರ್ವೇಯರ್.

ಇವರಿಗೆಲ್ಲ ಒಂದೇ ಹುಚ್ಚು. ಸಮುದ್ರದಾಚೆಯ ಜನಪದ ಹಾಡುಗಳು, ರೆಕಾರ್ಡಂಗಡಿಯವರು ಅಮೆರಿಕಾನಾ ಎಂದು ಚೀಟಿ ಅಂಟಿಸಿ ಬೇರೆ ಇಡುವ ಆಲ್ಬಮ್‌ಗಳು. ಗಿಟಾರು, ಬ್ಯಾಂಜೊ, ಪಿಟೀಲು, ಜೊತೆಗೆ ರೈಲಿನ ಬಗ್ಗೆಯೋ ಗಣಿಯ ಬಗ್ಗೆಯೋ ಬಿಟ್ಟುಬಂದ ಮನೆಯ ಬಗ್ಗೆಯೋ ಹಾಡುವ ಒಂದು ದನಿ. ಆ ಭಾಷೆ ಮೇಷ್ಟ್ರಿಗೆ ಪೂರ್ತಿ, ಉಳಿದವರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಆಲ್ಬಮ್‌ಗಳ ನಿಜವಾದ ಹೆಸರು ನಾಲಿಗೆಗೆ ಒಗ್ಗದೆ ತಾವೇ ಹೆಸರಿಟ್ಟುಕೊಂಡಿದ್ದರು. ಒಂದು 'ಗಿರಣಿ', ಒಂದು 'ಮೂಗಿನವನು', ಇನ್ನೊಂದು 'ಜಗಳವಾಡಿದ ತಂಗಿಯರು'. ತಂಗಿಯರು ನಿಜಕ್ಕೂ ಜಗಳವಾಡಿದ್ದರೋ ಇಲ್ಲವೋ, ಎರಡನೇ ಬದಿಯಲ್ಲಿ ಒಬ್ಬಳೇ ಹಾಡಿದ್ದರಿಂದ ಇವರೇ ಹಾಗೆ ತೀರ್ಮಾನಿಸಿದ್ದರು.

ಕೂಟಕ್ಕೆ ಒಂದು ಪದ್ಧತಿಯಿತ್ತು. ವಾರಕ್ಕೆ ಒಬ್ಬರು ಒಂದು ಆಲ್ಬಮ್ ಶಿಫಾರಸು ಮಾಡಬೇಕು. ಶಿಫಾರಸು ಎಲ್ಲರಿಗೂ ಅಲ್ಲ, ಒಬ್ಬರಿಗೆ. ಇದು ನಿಮಗೆ, ಯಾಕೆಂದರೆ ಹೀಗೆ, ಎಂದು ಮೊದಲೇ ಹೇಳಬೇಕು. ಯಾರಿಗೆ ಹೇಳಿದ್ದೋ ಅವರೇ ಎದ್ದು ತಟ್ಟೆಯನ್ನು ಪ್ಲೇಯರಿನ ಮೇಲಿಟ್ಟು ಮುಳ್ಳು ಇಳಿಸಬೇಕು, ಬೇರೆಯವರು ಮುಟ್ಟುವಂತಿಲ್ಲ. ಆಮೇಲೆ ಅವರು ಅದನ್ನು ಮನೆಗೊಯ್ದು ವಾರವೆಲ್ಲ ಕೇಳಿ, ಮುಂದಿನ ಭಾನುವಾರ ಒಂದೇ ಒಂದು ಮಾತಿನಲ್ಲಿ ಅಭಿಪ್ರಾಯ ಹೇಳಬೇಕು. ಎರಡನೇ ಮಾತಿಗೆ ಅವಕಾಶವಿಲ್ಲ. ಒಮ್ಮೆ ಮೇಷ್ಟ್ರು ರೈಲುಹಳಿ ಹಾಕುವ ಕೂಲಿಗಳ ಹಾಡನ್ನು ಬೇಕರಿಯವರಿಗೆ ಕೊಟ್ಟು, "ಇದು ನಿಮ್ಮ ನಿದ್ದೆ ಬಿಡಿಸುತ್ತೆ" ಎಂದಿದ್ದರು. ಮರುವಾರ ಬೇಕರಿಯವರು ಹೇಳಿದ ಒಂದೇ ಮಾತು, "ಹಿಟ್ಟು ಚೆನ್ನಾಗಿ ಉಬ್ತು." ಮೇಷ್ಟ್ರಿಗೆ ಅದು ಹೊಗಳಿಕೆಯೋ ಅಲ್ಲವೋ ಇಂದಿಗೂ ಬಗೆಹರಿದಿಲ್ಲ.

ಸರ್ವೇಯರ್ ಹೋದಮೇಲೂ ಕೂಟ ನಿಲ್ಲಲಿಲ್ಲ. ನಿಲ್ಲದಿದ್ದುದೇ ಸಿಸ್ಟರ್‌ಗೆ ಚಿಂತೆಯ ವಿಷಯವಾಗಿತ್ತು. ಮೈದುನ, ಅಂದರೆ ಕನ್ನಡಕದವರು, ಅಣ್ಣನ ಅಂತ್ಯಕ್ರಿಯೆಯನ್ನು ಒಂದು ಕುಂದೂ ಬಾರದಂತೆ ಮುಗಿಸಿ, ಮರುದಿನ ಅಂಗಡಿ ತೆರೆದು, ಆ ಭಾನುವಾರ ಕುರ್ಚಿಗಳನ್ನು ಹಾಕಿದ್ದರು. ಐದರ ಬದಲು ನಾಲ್ಕು. ಅಷ್ಟೆ. ಅಂದಿನಿಂದ ಅವರ ಬಾಯಲ್ಲಿ 'ಅಣ್ಣ' ಎಂಬ ಶಬ್ದ ಬಂದಿರಲಿಲ್ಲ. ಬೇರೆ ಯಾರಾದರೂ ಎತ್ತಿದರೆ ಜೇಬಿನಿಂದ ಮೆತ್ತನೆ ಬಟ್ಟೆ ತೆಗೆದು ಕನ್ನಡಕ ಒರೆಸಲು ತೊಡಗುತ್ತಿದ್ದರು. ಎದುರಿನವರ ಮಾತು ಮುಗಿಯುವ ತನಕ ಒರೆಸುತ್ತಿದ್ದರು. ಗಾಜಿನಲ್ಲಿ ಕೊಳೆ ಇರುತ್ತಿರಲಿಲ್ಲ.

ಸಿಸ್ಟರ್ ಬಹಳ ಜ್ವರಗಳನ್ನು ನೋಡಿದವರು. ಮೈ ಸುಡುವ ಜ್ವರಕ್ಕೆ ಅವರು ಹೆದರುತ್ತಿರಲಿಲ್ಲ. ಮೈ ತಣ್ಣಗಿದ್ದು ಒಳಗೇ ಬೇಯಿಸುವುದಿದೆಯಲ್ಲ, ಅದಕ್ಕೆ ಹೆದರುತ್ತಿದ್ದರು. ಮೈದುನ ಮೂರು ಹೊತ್ತು ಊಟ ಮಾಡುತ್ತಿದ್ದರು, ಗಿರಾಕಿಗಳೊಡನೆ ನಗುತ್ತಿದ್ದರು. ಆದರೂ ಅವರ ಬಟ್ಟೆ ತಿಂಗಳಿಂದ ತಿಂಗಳಿಗೆ ಸಡಿಲವಾಗುತ್ತಿತ್ತು. ಒಂದು ಸಲ ಬಾಯಿಬಿಟ್ಟು ಅತ್ತರೆ ಬದುಕಿಕೊಳ್ಳುತ್ತಾನೆ, ಇಲ್ಲದಿದ್ದರೆ ಅಣ್ಣನ ಹಿಂದೆಯೇ ತಮ್ಮನೂ ಎಂದು ಅವರ ಮನಸ್ಸು ಹೇಳುತ್ತಿತ್ತು.

ಅದಕ್ಕೆ ಅವರ ಹತ್ತಿರ ಒಂದು ಮದ್ದಿತ್ತು. ಆದರೆ ಅದನ್ನು ಮನೆಯಿಂದ ಹೊರಗೆ ತೆಗೆಯಬೇಕಾಗಿತ್ತು.

ಆ ಆಲ್ಬಮ್‌ಗೆ 'ದೋಣಿ' ಎಂದು ಹೆಸರು. ಹೊದಿಕೆಯ ಮೇಲೆ ಹಾಡುವವರ ಫೋಟೊ ಇಲ್ಲ. ಕಟ್ಟಿಹಾಕಿದ ಒಂದು ದೋಣಿಯ ಚಿತ್ರ, ಕೆಳಗೆ ಎರಡು ಅಕ್ಷರದ ಇನಿಶಿಯಲ್ಲು ಮತ್ತು ಮನೆತನದ ಹೆಸರು. ಸರ್ವೇಯರ್ ಅದನ್ನು ಯಾವುದೋ ಹಳೆ ಸಾಮಾನಿನ ರಾಶಿಯಿಂದ ಎತ್ತಿ ತಂದಿದ್ದರು. ಪ್ಲೇಯರಿಗೆ ಹಾಕಿದಾಗ ಹೊರಟದ್ದು ಒಬ್ಬ ಮುದುಕನ ದನಿ. ತಗ್ಗಿದ, ಆತುರವಿಲ್ಲದ, ಅಷ್ಟಿಷ್ಟು ಒರಟಾದ ದನಿ. ಗಿಟಾರಿನ ಒಂದೊಂದು ತಂತಿಯೂ ಬಾವಿಗೆ ಬಿದ್ದ ಕಲ್ಲಿನಂತೆ ಹೊತ್ತು ತೆಗೆದುಕೊಂಡು ಮೊಳಗುತ್ತಿತ್ತು. ದೋಣಿಯವನೇ, ಆಚೆ ದಡಕ್ಕೆ ನನ್ನನ್ನೂ ಕರೆದುಕೋ ಎಂದು ಹಾಡಿನ ಮಾತು. "ಇವನು ಹೆಂಡತಿ ಸತ್ತ ಮೇಲೆ ಹಾಡಿರೋನು" ಎಂದು ಸರ್ವೇಯರ್ ಮೊದಲ ದಿನವೇ ಹೇಳಿದ್ದರು. ಸಿಸ್ಟರ್ ಒಪ್ಪಿದ್ದರು. ಕೂಟಕ್ಕೆ ಅದನ್ನು ಒಯ್ಯುವ ಮಾತು ಬಂದಾಗಲೆಲ್ಲ ಸರ್ವೇಯರ್, "ಬೇಡ, ಅದು ಮನೆಯದು" ಎನ್ನುತ್ತಿದ್ದರು. ಮೇಷ್ಟ್ರ ಬಾಯಿಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ.

ಹಾಸಿಗೆ ಹಿಡಿದ ಕೊನೆಯ ತಿಂಗಳುಗಳಲ್ಲಿ ಸರ್ವೇಯರ್ ಬೇರೆ ಯಾವುದನ್ನೂ ಹಾಕಲು ಬಿಡಲಿಲ್ಲ. ದಿನವೂ ಹೊತ್ತು ಮುಳುಗುವಾಗ ಮುದುಕ ಹಾಡಬೇಕು. ಅವರು ಹೋದಮೇಲೂ ಸಿಸ್ಟರ್ ಆ ಹೊತ್ತನ್ನು ತಪ್ಪಿಸಲಿಲ್ಲ. ಅದು ಅವರ ಪ್ರಾರ್ಥನೆಯ ಹೊತ್ತೂ ಆಗಿತ್ತು. ದೇವರ ಮೇಲೆ ಅವರಿಗೆ ಮುನಿಸೇನೂ ಇರಲಿಲ್ಲ. ಮಾತು ಸಿಗುತ್ತಿರಲಿಲ್ಲ, ಅಷ್ಟೆ. ನಾಲ್ಕು ದಶಕ ದಿನ ಬಿಡದೆ ಹೇಳಿದ ಮಾತುಗಳು ಬಾಯಿಗೆ ಬಂದು ಹೊಟ್ಟಿನಂತೆ ಹಾರಿಹೋಗುತ್ತಿದ್ದವು. ಆದ್ದರಿಂದ ಕೈಮುಗಿದು ಸುಮ್ಮನೆ ಕೂರುತ್ತಿದ್ದರು. ಅವರ ಪರವಾಗಿ ಮುದುಕ ಕೇಳಿಕೊಳ್ಳುತ್ತಿದ್ದ.

ಮೈದುನ ಆ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಅಣ್ಣನ ಕಾಯಿಲೆಯಲ್ಲಿ ದಿನವೂ ಬರುತ್ತಿದ್ದರು ನಿಜ, ಬಂದು ಔಷಧ ಕೊಟ್ಟು, ಬಾಗಿಲಲ್ಲೇ ನಿಂತು, ಅಂಗಡಿಗೆ ಗಿರಾಕಿ ಬರುತ್ತಾರೆಂದು ಹೋಗುತ್ತಿದ್ದರು. ಕೂತವರಲ್ಲ.

ಆ ಸಲ ಶಿಫಾರಸಿನ ಸರದಿ ಸಿಸ್ಟರ್‌ದು. ಅವರು 'ದೋಣಿ'ಯನ್ನು ತಲೆದಿಂಬಿನ ಚೀಲದಲ್ಲಿ ಸುತ್ತಿ ತಂದಿದ್ದರು.

"ಏನ್ ಸಿಸ್ಟರ್, ಮಗೂನ ಎತ್ಕೊಂಡು ಬಂದ ಹಾಗಿದೆ" ಎಂದರು ಬೇಕರಿಯವರು. ಅವರು ಅದೇ ತಾನೆ ಬಂದಿದ್ದರಿಂದ ಇನ್ನೂ ಎಚ್ಚರವಾಗಿದ್ದರು.

"ಮಗು ಅಲ್ಲಪ್ಪ, ಮುದುಕ" ಎಂದರು ಸಿಸ್ಟರ್.

ಮೇಷ್ಟ್ರು ಕಾಲಮೇಲೆ ಕಾಲು ಹಾಕಿಕೊಂಡರು. "ಯಾರಿಗೆ ಈ ಮುದುಕ?"

"ನನ್ನ ಮೈದುನನಿಗೆ."

ಕನ್ನಡಕದವರು ತಲೆಯೆತ್ತಿದರು. ಪದ್ಧತಿಯಂತೆ ಸಿಸ್ಟರ್ ಕಾರಣ ಹೇಳಿದರು. ಹೇಳುವುದನ್ನು ಹಿಂದಿನ ದಿನವೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದರಿಂದ ದನಿ ನಡುಗಲಿಲ್ಲ. "ಹಾಡಿದವರು ವಯಸ್ಸಾದವರು. ಜೊತೆಗಾರ್ತೀನ ಕಳಕೊಂಡವರು ಅಂತ ನಮ್ಮ ಲೆಕ್ಕ. ಎಲ್ಲೂ ಬರೆದಿಲ್ಲ, ದನಿ ಕೇಳಿದ್ರೆ ಗೊತ್ತಾಗುತ್ತೆ. ನಿಮ್ಮಣ್ಣ ಕೊನೇಲಿ ಇದೊಂದನ್ನೇ ಕೇಳ್ತಿದ್ದಿದ್ದು. ಅವರು ಯಾವುದನ್ನ ಕೇಳ್ತಾ ಹೋದರೋ ಅದನ್ನ ನೀನೂ ಒಂದು ಸಲ ಕೂತು ಕೇಳಬೇಕು. ಅದಕ್ಕೆ ತಂದೆ."

ಕನ್ನಡಕದವರ ಕೈ ಜೇಬಿಗೆ ಹೋಯಿತು, ಬಟ್ಟೆ ಹೊರಬಂತು. ಆದರೆ ಪದ್ಧತಿ ಪದ್ಧತಿಯೇ. ತಟ್ಟೆಯನ್ನು ಅವರೇ ಹಾಕಬೇಕು. ಬಟ್ಟೆಯನ್ನು ಮತ್ತೆ ಜೇಬಿಗಿಟ್ಟು ಎದ್ದರು. ರೆಕಾರ್ಡನ್ನು ಹೊದಿಕೆಯಿಂದ ತೆಗೆದು, ಅಂಚು ಹಿಡಿದು, ಬೆಳಕಿಗೆ ಓರೆ ಮಾಡಿ ನಡುವಿನ ಚೀಟಿಯನ್ನು ಓದಿದರು. ಸಾಸಿವೆಕಾಳಿನಷ್ಟು ಅಕ್ಷರವಿದ್ದರೂ ಓದದೆ ಬಿಡುವವರಲ್ಲ ಅವರು, ವೃತ್ತಿಯೇ ಅದು. ಆಮೇಲೆ ಪ್ಲೇಯರಿನ ಪಕ್ಕದ ಗುಂಡಿಯನ್ನು ಬೆರಳಿಂದ ಒಮ್ಮೆ ತಿರುಗಿಸಿದರು. ಸಿಸ್ಟರ್ ಅದನ್ನು ಕಂಡರು, ಏನೂ ಅನ್ನಿಸಲಿಲ್ಲ. ಒಂದೊಂದು ಯಂತ್ರಕ್ಕೆ ಒಂದೊಂದು ಹಟ.

ಮುಳ್ಳು ಇಳಿಯಿತು. ಪರಪರ ಸದ್ದು. ಸಿಸ್ಟರ್ ಕಣ್ಣು ಮುಚ್ಚಿಕೊಂಡರು.

ಗಿಟಾರು ಮೆಟ್ಟಿಲಿಳಿಯುವ ಮಕ್ಕಳ ಹಾಗೆ ತಟತಟನೆ ಓಡಿಬಂತು. ಅದರ ಬೆನ್ನಿಗೇ ಒಬ್ಬ ಹುಡುಗಿ ಹಾಡತೊಡಗಿದಳು.

ಸಿಸ್ಟರ್ ಕಣ್ಣು ಬಿಟ್ಟರು. ಮೊದಲು, ಬದಿ ತಪ್ಪಿದೆ ಎಂದುಕೊಂಡರು. ಆಮೇಲೆ, ಹೊದಿಕೆಯೊಳಗೆ ಬೇರೆ ತಟ್ಟೆ ಸೇರಿಕೊಂಡಿದೆ ಎಂದುಕೊಂಡರು. ಆದರೆ ಹುಡುಗಿ ದೋಣಿಯವನನ್ನು ಕರೆಯುತ್ತಿದ್ದಳು. ಅದೇ ಮಾತು, ಅದೇ ರಾಗ. ಆಚೆ ದಡದಲ್ಲಿ ಕುಣಿತವಿದೆ, ಗೆಳತಿಯರೆಲ್ಲ ಆಗಲೇ ಹೋಗಿದ್ದಾರೆ, ಇವಳೊಬ್ಬಳು ಹೊತ್ತಾಯಿತೆಂದು ಕಾಲು ನೆಲಕ್ಕೆ ಬಡಿಯುತ್ತಿದ್ದಾಳೆ, ಅಂಥ ದನಿ.

"ಇದಲ್ಲ" ಎಂದರು ಸಿಸ್ಟರ್. "ಬೇರೆ ತಟ್ಟೆ ಬಂದಿರಬೇಕು."

"ಇಲ್ಲ ಅತ್ತಿಗೆ, ಅದೇ" ಎಂದರು ಮೈದುನ ಮೆಲ್ಲಗೆ.

ಮೇಷ್ಟ್ರು ಮೀಸೆಯೊಳಗೇ ನಕ್ಕರು. "ಸಿಸ್ಟರ್, ನಿಮ್ಮ ಮುದುಕನಿಗೆ ಇನ್ನೂ ಇಪ್ಪತ್ತು ತುಂಬಿದ ಹಾಗೆ ಕಾಣಲಿಲ್ಲ."

ಅಷ್ಟರಲ್ಲಾಗಲೇ ತೂಕಡಿಸಿದ್ದ ಬೇಕರಿಯವರು ಎಚ್ಚೆತ್ತು, "ಯಾರ ಮಗಳು ಇದು?" ಎಂದು ಕೇಳಿದರು.

ಕನ್ನಡಕದವರು ಮುಳ್ಳನ್ನು ಎತ್ತಿ ಚೀಟಿಯ ಅಂಚನ್ನು ಬೆರಳಿಂದ ತೋರಿಸಿದರು. ನಲವತ್ತೈದು ಎಂದು ಬರೆದಿತ್ತು. ಸಾಮಾನ್ಯವಾಗಿ ದೊಡ್ಡ ತಟ್ಟೆ ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗಬೇಕು, ಸಣ್ಣದು ನಲವತ್ತೈದು. ಎಲ್ಲರಿಗೂ ಗೊತ್ತಿರುವುದು ಇಷ್ಟೇ. ಆದರೆ ಕೆಲವು ಸಣ್ಣ ಕಂಪನಿಗಳವರು ದನಿ ಚೊಕ್ಕಟವಾಗಿ ಬರಲೆಂದು ದೊಡ್ಡ ತಟ್ಟೆಯನ್ನೂ ನಲವತ್ತೈದಕ್ಕೆ ಅಚ್ಚು ಹಾಕಿಸುತ್ತಾರೆ. "ಮನೇಲಿ ಇದನ್ನ ಮೂವತ್ತಮೂರಕ್ಕೆ ಹಾಕ್ತಿದ್ರಿ ಅನ್ಸುತ್ತೆ. ನಿಧಾನ ಆದ್ರೆ ಹೆಣ್ಣು ದನಿ ಇಳಿದು ಗಂಡು ದನಿ ಥರ ಕೇಳುತ್ತೆ. ಅಷ್ಟೇ ಅತ್ತಿಗೆ."

"ಅಂದ್ರೆ ಊರನ್ನೆಲ್ಲ ಸರಿಯಾಗಿ ಅಳೆದ ಸರ್ವೇಯರ್ ಸಾಹೇಬರು, ಮನೇಲಿ ಮಾತ್ರ ಕೊನೇವರೆಗೂ ತಪ್ಪು ಅಳತೆ" ಎಂದರು ಮೇಷ್ಟ್ರು. ಮಾತು ಬಾಯಿಂದ ಹೊರಟ ಮೇಲೆ ಅದರ ತೂಕ ಅವರಿಗೇ ಗೊತ್ತಾಯಿತು. ಕೆಮ್ಮಿದರು.

ಕನ್ನಡಕದವರು ಯಾರ ಮುಖವನ್ನೂ ನೋಡಲಿಲ್ಲ. "ಮುಂದೆ ಒಂದು ಫ್ರೇಮು ಬಗ್ಗಿಸೋಕೆ ಬಿಸಿಗೆ ಇಟ್ಟಿದೀನಿ, ನೋಡಿ ಬರ್ತೀನಿ" ಎಂದು ಅಂಗಡಿಯ ಮುಂಭಾಗಕ್ಕೆ ಹೋದರು. ಭಾನುವಾರ ಯಾರ ಫ್ರೇಮನ್ನೂ ಅವರು ಬಿಸಿಗೆ ಇಡುವುದಿಲ್ಲ ಎಂದು ಉಳಿದ ಮೂವರಿಗೂ ಗೊತ್ತಿತ್ತು.

ಸಿಸ್ಟರ್ ಕೂತೇ ಇದ್ದರು. ಕೊಟ್ಟ ಮದ್ದು ತಿರುಗಿಬಿದ್ದಿತ್ತು. ಮೈದುನನ ಬಾಯಿ ಬಿಡಿಸಲು ತಂದದ್ದು ಅವರ ಬಾಯನ್ನು ಇನ್ನಷ್ಟು ಬಿಗಿದು ಕಳಿಸಿತ್ತು. ಅದೂ ಸಾಲದು ಎಂಬಂತೆ, ಇಷ್ಟು ದಿನ ತನ್ನ ಪರವಾಗಿ ದೇವರ ಹತ್ತಿರ ಬೇಡಿಕೊಂಡವನು ಒಬ್ಬನಿದ್ದನಲ್ಲ, ಅವನು ಇಲ್ಲವೇ ಇಲ್ಲ. ಹುಟ್ಟಿಯೇ ಇಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಅವರು ಎದುರಿನ ಗೋಡೆಯ ಅಕ್ಷರಗಳನ್ನು ಮೇಲಿನಿಂದ ಓದುತ್ತಾ ಬಂದರು. ಕೆಳಗಿನ ಸಾಲು ಅವರಿಗೆ ಕಾಣಿಸಲಿಲ್ಲ.

"ಮೇಷ್ಟ್ರೆ, ಅದನ್ನ ಮೊದಲಿಂದ ಹಾಕಿ" ಎಂದರು.

"ಮೂವತ್ತಮೂರಕ್ಕಾ?"

"ಅಲ್ಲ. ಸರಿಯಾದ್ದಕ್ಕೆ."

"ನಾನು ಮುಟ್ಟೋ ಹಾಗಿಲ್ಲವಲ್ಲ. ಶಿಫಾರಸಾಗಿರೋದು ಅವರಿಗೆ."

"ಆ ನಿಯಮ ಮಾಡಿದ್ದು ನಮ್ಮನೆಯವರು. ಅವರ ಪರವಾಗಿ ನಾನು ಸಡಿಲ ಮಾಡ್ತೀನಿ, ಹಾಕಿ. ಪಾಪ, ಆ ಹುಡುಗಿ ಅಷ್ಟು ಆಸೆಪಟ್ಟು ಹಾಡಿದಾಳೆ. ನಾವಿಬ್ಬರೂ ಇಷ್ಟು ವರ್ಷ ಅವಳನ್ನ ಒಂದು ದಿನವೂ ಕೇಳಿಲ್ಲ. ಒಂದು ಸಲವಾದ್ರೂ ಕೇಳದೆ ಎದ್ದು ಹೋದ್ರೆ ಮರ್ಯಾದೆ ಅಲ್ಲ."

ಮೇಷ್ಟ್ರು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಮುಳ್ಳು ಇಳಿಸಿ ಬಂದರು. ಸಿಸ್ಟರ್ ನಾಡಿ ಹಿಡಿದವರ ಹಾಗೆ ತಲೆ ತಗ್ಗಿಸಿ ಒಂದು ಬದಿಯನ್ನು ಪೂರ್ತಿ ಕೇಳಿದರು. ಹುಡುಗಿ ಚೆನ್ನಾಗಿ ಹಾಡಿದ್ದಳು. ಅದನ್ನು ಅವರು ಒಪ್ಪಿಕೊಂಡರು. ಅಲ್ಲಲ್ಲಿ ಉಸಿರು ಸಾಲದೆ ನಗುತ್ತಿದ್ದಳು. ಮನೆಯಲ್ಲಿ ಆ ಜಾಗಗಳಲ್ಲೆಲ್ಲ ಮುದುಕ ನಿಟ್ಟುಸಿರು ಬಿಡುತ್ತಿದ್ದ. ಮುಂಭಾಗದಲ್ಲಿ ಕನ್ನಡಕದವರು ಡ್ರಾಯರುಗಳನ್ನು ತೆಗೆದು ಮುಚ್ಚುವ ಸದ್ದು ಬರುತ್ತಿತ್ತು. ಬದಿ ಮುಗಿಯುವ ಹೊತ್ತಿಗೆ ಆ ಸದ್ದು ನಿಂತಿತ್ತು. ಅವರು ಒಳಗೆ ಬಂದು, ಪದ್ಧತಿಯಂತೆ ರೆಕಾರ್ಡನ್ನು ಹೊದಿಕೆಗೆ ಸೇರಿಸಿ, ದಿಂಬಿನ ಚೀಲವನ್ನು ಮಡಚಿ ಅತ್ತಿಗೆಯ ಕೈಗೆ ಕೊಟ್ಟು, "ಭಾನುವಾರ ಹೇಳ್ತೀನಿ" ಎಂದರು.

ಆ ವಾರ ಸಿಸ್ಟರ್ ಮನೆಯಲ್ಲಿ ಹೊತ್ತು ಮುಳುಗುವುದು ಕಷ್ಟವಾಯಿತು. ಪ್ಲೇಯರಿನ ಮುಚ್ಚಳ ಮುಚ್ಚಿಯೇ ಇತ್ತು. ಒಂದು ಮನೆಯಲ್ಲಿ ಎರಡು ಸಾವಾದ ಹಾಗೆ, ಎರಡನೆಯದಕ್ಕೆ ಹೆಣವೂ ಇಲ್ಲ, ಬಂದು ಹೋಗುವವರೂ ಇಲ್ಲ. ಪ್ರಾರ್ಥನೆಗೆ ಕೂತರು. ಮಾತು ಬರಲಿಲ್ಲ, ಹಾಡೂ ಇರಲಿಲ್ಲ. ಹೊರಗೆ ಯಾರೋ ಕಬ್ಬಿಣದ ಬಾಗಿಲು ಎಳೆದರು, ಒಂದು ಮಗು ಪಾಠ ಒಪ್ಪಿಸುತ್ತಿತ್ತು. ಬರಿಗೈಯಲ್ಲಿ ಬಂದಿದ್ದೇನೆ ಎಂದಷ್ಟೇ ಮನಸ್ಸಿನಲ್ಲಿ ಹೇಳಿಕೊಂಡು ಎದ್ದರು. ಮರುದಿನವೂ ಹಾಗೆಯೇ ಮಾಡಿದರು. ದೇವರಿಗೆ ಎರಡು ವೇಗವೂ ತಿಳಿದಿರಲೇಬೇಕು, ಅವನೇನೂ ಮೋಸಹೋಗಿರಲಾರ ಎಂಬ ಒಂದು ಸಮಾಧಾನ ಅಡುಗೆಮನೆಯಲ್ಲಿ ಪಾತ್ರೆ ಒರೆಸುವಾಗ ಬಂತು. ಮೈದುನನ ವಿಷಯದಲ್ಲಿ ಯಾವ ಸಮಾಧಾನವೂ ಬರಲಿಲ್ಲ.

ಗುರುವಾರ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಮೈದುನ ನಿಂತಿದ್ದರು, ಕಂಕುಳಲ್ಲಿ ರೆಕಾರ್ಡು.

"ಭಾನುವಾರ ಬಂದಿಲ್ಲ ಇನ್ನೂ" ಎಂದರು ಸಿಸ್ಟರ್.

"ಒಂದು ಮಾತು ಹೇಳಬೇಕಲ್ಲ ಅತ್ತಿಗೆ. ದಿನಾ ಕೇಳಿದೆ. ನನ್ನ ಮೆಷಿನ್ನಲ್ಲಿ ಹಾಕಿದ್ರೆ ಅದು ಆ ಹುಡುಗಿ ಹಾಡು. ಚೆನ್ನಾಗಿದೆ. ಆದ್ರೆ ನೀವು ನನಗೆ ಕೊಟ್ಟಿದ್ದು ಅದನ್ನಲ್ಲವಲ್ಲ."

"ನಿನ್ನ ಮೆಷಿನ್ನಲ್ಲೂ ಮೂವತ್ತಮೂರು ಇದೆಯಲ್ಲ."

"ಇದೆ" ಎಂದರು. "ತಿರುಗಿಸೋಕೆ ಕೈ ಬರಲಿಲ್ಲ."

ಸಿಸ್ಟರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಪ್ಲೇಯರು ಇದ್ದದ್ದು ಸರ್ವೇಯರ್ ಮಲಗುತ್ತಿದ್ದ ಕೋಣೆಯಲ್ಲಿ, ಕಿಟಕಿಯ ಪಕ್ಕದ ಸಣ್ಣ ಮೇಜಿನ ಮೇಲೆ. ಮೈದುನ ರೂಢಿಯಂತೆ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಸಿಸ್ಟರ್ ಬೆತ್ತದ ಸ್ಟೂಲನ್ನು ಮೇಜಿನ ಹತ್ತಿರ ಎಳೆದಿಟ್ಟರು. ಅವರು ಒಳಗೆ ಬಂದು ಕೂತರು.

ಅದು ಪೆಟ್ಟಿಗೆಯ ಹಾಗೆ ಮುಚ್ಚಳವಿರುವ ಹಳೆಯ ಪ್ಲೇಯರು. ಕನ್ನಡಕದವರು ಮುಚ್ಚಳ ತೆರೆದು ನೋಡಿದರು. ವೇಗದ ಗುಂಡಿಯ ಮೇಲೆ ಅಗಲವಾದ ಟೇಪು ಅಂಟಿಸಿತ್ತು. ಮೂವತ್ತಮೂರರಿಂದ ಗುಂಡಿ ಅತ್ತಿತ್ತ ಅಲುಗದಂತೆ ಒಂದರ ಮೇಲೊಂದು ಮೂರು ಪದರ. ಟೇಪು ಹಳದಿಯಾಗಿ ಗಟ್ಟಿಯಾಗಿತ್ತು. ಅದರ ಮೇಲೆ ಶಾಯಿಯಲ್ಲಿ, ನಕ್ಷೆಗಳ ಮೂಲೆಯಲ್ಲಿ ಸರ್ವೇಯರ್ ಬರೆಯುತ್ತಿದ್ದ ಅದೇ ನೆಟ್ಟನೆಯ ಅಕ್ಷರದಲ್ಲಿ, 'ಇದೇ ಸರಿ. ಮುಟ್ಟಬಾರದು' ಎಂದು ಬರೆದಿತ್ತು.

ಅವರು ಅದನ್ನು ಉಗುರಿನಿಂದ ಸವರಿದರು. ಆಮೇಲೆ ಮುಚ್ಚಳದ ಒಳಗಿನ ಜೇಬಿಗೆ ಕೈಹಾಕಿ ಏನನ್ನೋ ಹೊರತೆಗೆದರು. ಪ್ಲೇಯರಿನ ಜೊತೆ ಕೊಟ್ಟ ಪುಸ್ತಿಕೆ, ಯಂತ್ರವನ್ನು ಬಳಸುವುದು ಹೇಗೆ ಎಂದು ತಿಳಿಸುವುದು. ಕಾರ್ಖಾನೆಯಲ್ಲಿ ಬೆಸೆದ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಗೇ ಇತ್ತು.

"ಇದನ್ನ ಒಡೆದೇ ಇಲ್ಲ" ಎಂದರು.

"ಅವರು ಯಾವುದನ್ನ ಓದಿದ್ರು ಹೇಳು. 'ಓದೋದೇನಿದ್ರೂ ಗೊತ್ತಿಲ್ಲದೋರು' ಅಂತಿದ್ರು."

ಕನ್ನಡಕದವರು ತಲೆ ತಗ್ಗಿಸಿದರು. ಅವರ ಭುಜ ನಡುಗತೊಡಗಿತು. ಸಿಸ್ಟರ್ ಇದಕ್ಕಾಗಿಯೇ ಎಷ್ಟೋ ತಿಂಗಳಿಂದ ಕಾದಿದ್ದರು. ಅಳುವವರಿಗೆ ಮೊದಲು ನೀರು ಕೊಡಬೇಕು, ಬೆನ್ನು ಸವರುವುದು ಆಮೇಲೆ. ಅದು ವಾರ್ಡಿನ ಅಭ್ಯಾಸ. ಅಡುಗೆಮನೆಗೆ ಹೋಗಿ ಲೋಟದಲ್ಲಿ ನೀರು ತಂದರು. ಬಂದು ನೋಡಿದರೆ ಮೈದುನ ಅಳುತ್ತಿರಲಿಲ್ಲ. ನಗುತ್ತಿದ್ದರು. ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ ನಗುತ್ತಿದ್ದರು.

"ಅಣ್ಣ" ಎಂದರು. ಮತ್ತೆ ನಗು ಬಂದು ಮಾತು ತುಂಡಾಯಿತು. "ಅಣ್ಣ ಒಂದು ಸಲ ಸೈಕಲ್ ಜೋಡಿಸಿದ್ದ ಅತ್ತಿಗೆ. ನಿಮಗೆ ಹೇಳಿರಲ್ಲ ಅವನು. ಬಿಡಿಭಾಗ ತಂದು ತಾನೇ ಜೋಡಿಸ್ತೀನಿ ಅಂತ ಕೂತ. ಚಿತ್ರ ಬರೆದಿರೋ ಕಾಗದ ಇತ್ತು ಜೊತೇಲಿ. ನಾನು ಓದ್ತೀನಿ ಅಂದ್ರೆ, 'ಸುಮ್ನಿರೋ, ಕಣ್ಣಲ್ಲೇ ಗೊತ್ತಾಗುತ್ತೆ' ಅಂದ. ಮುಂದಿನ ಚಕ್ರದ ಕವಲು ಇರುತ್ತಲ್ಲ, ಅದನ್ನ ಹಿಂದುಮುಂದಾಗಿ ಕೂರಿಸಿಬಿಟ್ಟ. ಕಾಲಿಗೆ ಚಕ್ರ ತಾಗ್ತಾ ಇದೆ, ಆದ್ರೂ 'ಇದೇ ಸರಿ, ಹೀಗಿದ್ರೇನೆ ಬೇಗ ತಿರುಗೋದು' ಅಂತಾನೆ. ನನ್ನನ್ನ ಹಿಂದೆ ಕೂರಿಸ್ಕೊಂಡ. ಇಳಿಜಾರು. ಬೇಗ ತಿರುಗಿತು. ಇಬ್ಬರೂ ಮೋರೀಲಿ."

"ಮೋರೀಲಿ?"

"ಮೊಣಕಾಲುದ್ದ ನೀರು. ನನಗೇನೂ ಆಗ್ಲಿಲ್ಲ, ನಾನು ಅವನ ಮೇಲೆ ಬಿದ್ದಿದ್ದೆ. ಅವನ ಗದ್ದ ಸೀಳಿತ್ತು. ಆ ಗಾಯ ಕೊನೇವರೆಗೂ ಇತ್ತಲ್ಲ."

ಸಿಸ್ಟರ್ ಲೋಟವನ್ನು ಮೇಜಿನ ಮೇಲಿಟ್ಟರು. "ಗದ್ದದ ಮೇಲಿನ ಗಾಯಾನಾ? ನನ್ನ ಹತ್ರ, ಗುಡ್ಡದ ಮೇಲೆ ಅಳತೆ ಮಾಡ್ತಾ ಬಂಡೆಯಿಂದ ಜಾರಿದೆ ಅಂದಿದ್ರಲ್ಲ. ಹುಡುಗಿ ನೋಡೋಕೆ ಬಂದ ದಿನ ಹೇಳಿದ್ದು. ನಾನು ಎಂಥ ಧೈರ್ಯಸ್ಥರು ಅಂದ್ಕೊಂಡಿದ್ದೆ."

"ಬಂಡೆಯಂತೆ" ಎಂದರು ಮೈದುನ.

ಆಗ ಸಿಸ್ಟರ್‌ಗೂ ತಡೆಯಲಾಗಲಿಲ್ಲ. ಸಾವಿನ ಮನೆಯಲ್ಲಿ ಹೀಗೆ ನಗಬಹುದೇ ಎಂದು ಒಂದು ಮನಸ್ಸು ಕೇಳಿತು. ಇನ್ನೊಂದು ಅದಕ್ಕೆ ಕಿವಿಗೊಡಲಿಲ್ಲ. ಅವರು ಹಾಸಿಗೆಯ ತುದಿಯಲ್ಲಿ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ತಂದ ನೀರನ್ನು ಇಬ್ಬರೂ ಅರ್ಧರ್ಧ ಕುಡಿದರು.

ನಗು ಇಳಿದ ಮೇಲೆ ಕನ್ನಡಕದವರು ಟೇಪಿನ ಕಡೆ ಬೆರಳು ತೋರಿಸಿ, "ಇದನ್ನ ಕಿತ್ತುಹಾಕ್ಲಾ?" ಎಂದು ಕೇಳಿದರು.

"ಇರಲಿ ಬಿಡು."

"ಹಾಗಾದ್ರೆ ಆ ಹುಡುಗಿ?"

"ಅವಳಿಗೆ ನಿನ್ನ ಮೆಷಿನ್ ಇದೆ. ನೀನು ಕೇಳು, ಮೇಷ್ಟ್ರಿಗೂ ಕೇಳಿಸು. ಇಲ್ಲಿ ಇವನಿರಲಿ. ಹಾಕು ಈಗ."

ಮೈದುನ ತಟ್ಟೆಯಿಟ್ಟು ಮುಳ್ಳು ಇಳಿಸಿದರು. ಪರಪರ ಸದ್ದು, ಬಾವಿಗೆ ಬಿದ್ದ ಕಲ್ಲು, ಆಮೇಲೆ ಮುದುಕ. ಇಬ್ಬರಿಗೂ ಈಗ ಗೊತ್ತಿತ್ತು, ಅವನು ಇಲ್ಲ ಎಂದು. ಅವನ ಗಂಟಲೊಳಗೆ ಒಬ್ಬ ಹುಡುಗಿ ಕಾಲು ಬಡಿಯುತ್ತಾ ನಿಂತಿದ್ದಾಳೆ ಎಂದು. ಆದರೂ ಅವನು ದೋಣಿಯವನನ್ನು ಕರೆದ. ಹಾಸಿಗೆಯಲ್ಲಿ ಮಲಗಿದ್ದವರು ಕೇಳಿದ ಹಾಗೆಯೇ ಕರೆದ. ಸಿಸ್ಟರ್ ಕೈಮುಗಿದರು. ಮೈದುನ ಕದಲದೆ ಕೂತಿದ್ದರು. ಬದಿ ಮುಗಿಯುವ ಹೊತ್ತಿಗೆ ಕಿಟಕಿಯಲ್ಲಿ ಬೆಳಕು ಕಡಿಮೆಯಾಗಿತ್ತು. ಅವರು ಜೇಬಿನಿಂದ ಬಟ್ಟೆ ತೆಗೆದು ಕನ್ನಡಕ ಒರೆಸಿಕೊಂಡರು. ಈ ಸಲ ಗಾಜು ಒದ್ದೆಯಾಗಿತ್ತೋ ಇಲ್ಲವೋ, ಸಿಸ್ಟರ್ ನೋಡಲು ಹೋಗಲಿಲ್ಲ. ದೀಪ ಹಾಕಲು ಎದ್ದರು.

ಭಾನುವಾರ ಹಿಂದಿನ ಕೋಣೆಯಲ್ಲಿ ಕುರ್ಚಿಗಳು ಐದಿದ್ದವು. ಬೇಕರಿಯವರು ಐದನೆಯದರ ಮೇಲೆ ತಮ್ಮ ಬ್ರೆಡ್ಡಿನ ಚೀಲ ಇಡಲು ಹೋಗಿ, ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಸರಿ, ಕಳೆದ ವಾರದ್ದು. ಮುದುಕನೋ ಹುಡುಗಿಯೋ, ಒಂದು ಮಾತಲ್ಲಿ ಹೇಳಿ" ಎಂದರು ಮೇಷ್ಟ್ರು. ಕಳೆದ ವಾರದ ತಮ್ಮ ಮಾತು ಅವರನ್ನು ವಾರವೆಲ್ಲ ಕುಟುಕಿತ್ತು. ಹಾಗಾಗಿ ದನಿ ಎಂದಿಗಿಂತ ತಗ್ಗಿಯೇ ಇತ್ತು.

ಕನ್ನಡಕದವರು ಎದ್ದುನಿಂತರು. "ಅಣ್ಣ ಒಂದು ಸಲ ಸೈಕಲ್ ಜೋಡಿಸಿದ್ದ" ಎಂದರು.

ಅಲ್ಲಿಗೆ ಅವರ ಒಂದು ಮಾತು ಮುಗಿದಿತ್ತು. ಅವರು ನಿಲ್ಲಿಸಲಿಲ್ಲ. ಬಿಡಿಭಾಗ ಬಂತು, ಚಿತ್ರದ ಕಾಗದ ಬಂತು, ಹಿಂದುಮುಂದಾದ ಕವಲು ಬಂತು. ಮೇಷ್ಟ್ರು ಪದ್ಧತಿಯನ್ನು ನೆನಪಿಸಲೆಂದು ಬೆರಳೆತ್ತಿದರು.

"ಬೆರಳು ಇಳಿಸಿ ಮೇಷ್ಟ್ರೆ" ಎಂದರು ಬೇಕರಿಯವರು. "ನಾನೇ ಎಚ್ಚರವಾಗಿದೀನಿ."

ಮೇಷ್ಟ್ರು ಬೆರಳಿಳಿಸಿ ಕೈಕಟ್ಟಿ ಕೂತರು. ಸಿಸ್ಟರ್ ಗೋಡೆಯ ಅಕ್ಷರಗಳ ಕಡೆ ನೋಡುತ್ತಾ ಕೇಳಿದರು. ಕತೆ ಇಳಿಜಾರಿನ ತನಕ ಸರಿಯಾಗಿಯೇ ಬಂತು. ಆದರೆ ಗುರುವಾರ ಮೊಣಕಾಲುದ್ದವಿದ್ದ ಮೋರಿಯ ನೀರು ಭಾನುವಾರಕ್ಕೆ ಎದೆಮಟ್ಟ ಏರಿತ್ತು. ಅಳತೆ ತಪ್ಪಿತು ಎಂದು ಅವರು ಹೇಳಲಿಲ್ಲ.